ನೋವಿಲ್ಲದ ಸೂಜಿ

ಟಿ. ದಾಸರಹಳ್ಳಿಯ ಆ ವಠಾರದಲ್ಲಿ ಒಂದೂವರೆ ತಿಂಗಳ ಕೂಸುಗಳು ಎರಡಿದ್ದವು. ಮಹಡಿಯಲ್ಲಿ ಮನೆ ಮಾಲೀಕಳಾದ ನಾಗಲಕ್ಷ್ಮಮ್ಮನ ಮೊಮ್ಮಗ ಸಿದ್ಧಾರ್ಥ್. ಕೆಳಗಿನ ಬಾಡಿಗೆ ಕೋಣೆಯಲ್ಲಿ ದೇವಕ್ಕನ ಮೊಮ್ಮಗ ರೇವಣಸಿದ್ದ. ಮಗಳ ಬಾಣಂತನಕ್ಕೆಂದು ದೇವಕ್ಕ ಕೊಪ್ಪಳದ ಕಡೆಯಿಂದ ಬಂದಿದ್ದಳು. ಎರಡು ಕೂಸಿಗೂ ಒಂದೇ ದಿನ ಲಸಿಕೆ ಬಿತ್ತು: ಐದು ರೋಗಕ್ಕೆ ಒಂದೇ ಸೂಜಿ, ಮೇಲೆ ಪೋಲಿಯೊ ಹನಿ.

"ನಮ್ಮುಡ್ಗಂಗೆ ಪ್ರೈವೇಟ್ ಆಸ್ಪತ್ರೇಲಿ ನೋವಿಲ್ದಿರೋ ಇಂಜೆಕ್ಷನ್ ಹಾಕ್ಸಿದ್ವಿ ಕಣಮ್ಮಾ. ಜ್ವರಾನೇ ಬರಲ್ವಂತೆ!" ನಾಗಲಕ್ಷ್ಮಮ್ಮ ಮಹಡಿಯಿಂದಲೇ ಸಾರಿದಳು.

ಅಂಗನವಾಡಿಯಲ್ಲಿ ಕೂಸಿಗೆ ಸೂಜಿ ಹಾಕಿಸಿಕೊಂಡು ಆಗಷ್ಟೇ ಬಂದಿದ್ದ ದೇವಕ್ಕನಿಗೆ ಮೈ ಉರಿಯಿತು. "ಜ್ವರ ಬರಲಿಲ್ಲಂದ್ರ ಅದೆಂಥಾ ಸೂಜಿ ಬಿಡ್ರೀ, ಬರೀ ನೀರು! ಜ್ವರ ಬಂದ್ರನ ಸೂಜಿ ಮೈಗೆ ಹತ್ತೇತಿ ಅಂತ ಲೆಕ್ಕ. ಸಂಜಿಕ ನಮ್ಮ ಕೂಸಿನ ಮೈ ಮುಟ್ಟಿ ನೋಡ್ರಿ, ಕಾದ ಹಂಚು!"

ವಠಾರವೆಲ್ಲ ಕೇಳಿಸಿಕೊಂಡಿತು. ಆದರೆ ಪುಣ್ಯಾತ್ಮ ರೇವಣಸಿದ್ದ ಮಧ್ಯಾಹ್ನವಾದರೂ ತಣ್ಣಗೆ ಮಲಗಿ ನಿದ್ದೆಯಲ್ಲೇ ನಗುತ್ತಿದ್ದ. ದೇವಕ್ಕ ಹಣೆ ಮುಟ್ಟಿದಳು, ಅಂಗಾಲು ಮುಟ್ಟಿದಳು. ಕೊನೆಗೆ ಕೌದಿಯನ್ನೇ ಹೊದಿಸಿದಳು. ಮಗಳು ಭುವನೇಶ್ವರಿ ಅದನ್ನು ಕಿತ್ತೆಸೆದು, "ನಿನಗೇನು ಹುಚ್ಚ ಹಿಡದೈತೇನ ಯವ್ವಾ?" ಎಂದು ಬೈದಳು. ಮಾನ ಹೋಗುವ ಹೊತ್ತು ಹತ್ತಿರ ಬರುತ್ತಿತ್ತು. ದೇವಕ್ಕ ಸೆರಗು ಸಿಕ್ಕಿಸಿ ಅಂಗನವಾಡಿಗೆ ಓಡಿದಳು.

"ನರ್ಸಮ್ಮಾ, ನಮ್ಮ ಕೂಸಿಗೆ ಸೂಜಿ ಹತ್ತಿಲ್ಲ. ಇನ್ನೊಂದು ಚುಚ್ಚ್ರಿ!"

ಲಸಿಕೆಯ ಡಬ್ಬಿ ಮುಚ್ಚುತ್ತಿದ್ದ ನರ್ಸ್ ಯಮುನಾ ಬಿದ್ದೂ ಬಿದ್ದೂ ನಕ್ಕಳು. "ಅಜ್ಜೀ, ಜ್ವರ ಬಂದ್ರೂ ಹತ್ತಿರುತ್ತೆ, ಬರದಿದ್ರೂ ಹತ್ತಿರುತ್ತೆ. ಇನ್ನೊಂದು ಮುಂದಿನ ತಿಂಗಳೇ. ಮನೆಗೆ ನಡೀರಿ."

ಈ ಮಾತನ್ನು ವಠಾರಕ್ಕೆ ಹೇಗೆ ಹೇಳುವುದು? ಯೋಚಿಸುತ್ತಲೇ ಬಂದರೆ, ಮೆಟ್ಟಿಲ ಮೇಲೆ ಕಿರುಚುವ ಸಿದ್ಧಾರ್ಥನನ್ನು ಎತ್ತಿಕೊಂಡು ನಾಗಲಕ್ಷ್ಮಮ್ಮ ಕುಳಿತಿದ್ದಳು.

"ದೇವಕ್ಕಾ, ಮೈಯೆಲ್ಲ ಸುಡ್ತೈತೆ ಕಣಮ್ಮಾ!"

ದೇವಕ್ಕನ ಲೆಕ್ಕದಲ್ಲಿ ಗೆದ್ದವಳು ನಾಗಲಕ್ಷ್ಮಮ್ಮ. ಆದರೆ ಗೆದ್ದವಳ ಕಣ್ಣಲ್ಲಿ ನೀರಿತ್ತು. ದೇವಕ್ಕ ಕೂಸಿನ ಹಣೆ ಮುಟ್ಟಿದಳು.

"ಅಂಜಬ್ಯಾಡ್ರಿ. ಸೂಜಿ ಹತ್ತೇತಿ ಅಂತ ಲೆಕ್ಕ. ಡಾಕ್ಟರ್ ಹೇಳಿದ ಔಷಧ ಹಾಕ್ರಿ, ಎದಿಹಾಲು ಕುಡಸ್ರಿ."

"ನಿಮ್ಮುಡ್ಗಂಗೆ?"

ದೇವಕ್ಕ ತನ್ನ ಕೋಣೆಯ ಕಡೆ ನೋಡಿದಳು. "ನಮ್ಮದು... ನಗಾಕತ್ತೇತ್ರಿ."

ಹೇಳಿದ್ದೇ ಎದೆ ಹಗುರಾಯಿತು. ಅಷ್ಟರಲ್ಲಿ ಕೋಣೆಯೊಳಗಿಂದ ಚಿಟ್ಟನೆ ಅಳು ಕೇಳಿಸಿತು, ಹಿಂದೆಯೇ ಭುವನೇಶ್ವರಿಯ ಕೂಗು: "ಯವ್ವಾ, ಬಂತು ನೋಡು ನಿನ್ನ ಜ್ವರ!"

ಬೆಳಗಿನಿಂದ ಬೇಡಿಕೊಂಡ ಜ್ವರ ಬಂದೇ ಬಿಟ್ಟಿತ್ತು. "ಅಯ್ಯೋ, ನನ್ನ ಕೂಸು!" ಎಂದು ದೇವಕ್ಕ ಮೆಟ್ಟಿಲ ಮೇಲೇ ಕುಸಿದಳು.

ನಾಗಲಕ್ಷ್ಮಮ್ಮ ಮೂಗು ಒರೆಸಿಕೊಂಡು ಅವಳ ರಟ್ಟೆ ಹಿಡಿದೆತ್ತಿದಳು.

"ಎದ್ದೇಳಮ್ಮಾ, ಎದರಬ್ಯಾಡ. ಹತ್ತೈತೆ ಅಂತ ಲೆಕ್ಕ!"