ಒಬ್ಬರು ಕಮ್ಮಿ

“ನಿಯಮ ಅಂದ್ರೆ ನಿಯಮ ಅಕ್ಕ. ಫಿಸಿಕ್ಸ್ ಎಂ.ಎಸ್ಸಿ. ನಡೀಬೇಕಂದ್ರೆ ಎಂಟು ಜನ ಬೇಕೇ ಬೇಕು. ನಿನ್ ಹತ್ರ ಇರೋದು ಏಳು.”

“ಮೊನ್ನೆ ತನಕ ಎಂಟಿತ್ತು ಕಣೋ! ಕೊನೇ ಗಳಿಗೇಲಿ ಕೈಕೊಟ್ಟಿದ್ದು ಯಾರು, ಅದನ್ನಾದ್ರೂ ಹೇಳು.”

ಫಿಸಿಕ್ಸ್ ಮೇಡಂ ಅವರ ತಮ್ಮ ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ. ವಿಶ್ವವಿದ್ಯಾಲಯದ ಪ್ರವೇಶಗಳ ಉಸ್ತುವಾರಿ ಅವನದು. ಜೊತೆಗೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ವಿಭಾಗದ ಮುಖ್ಯಸ್ಥ ಬೇರೆ. ಚಿಕ್ಕವನಿದ್ದಾಗ ಗುಣಾಕಾರ ತಲೆಗೆ ಹತ್ತದೆ ಇದೇ ಅಕ್ಕನ ಕೈಯಲ್ಲಿ ಕಿವಿ ಹಿಂಡಿಸಿಕೊಂಡವನು. ಈಗ ಆ ಕಿವಿಯನ್ನೇ ತುರಿಸಿಕೊಳ್ಳುತ್ತ, “ಯಾರಾದ್ರೇನು ಬಿಡು. ಸೋಮವಾರದಿಂದ ನಮ್ಮಲ್ಲಿ ಪಾಠ ತಗೋ. ಸ್ಲೈಡೆಲ್ಲ ರೆಡಿ ಇದೆ, ಓದಿದ್ರೆ ಸಾಕು,” ಎಂದ.

ಓದಿದರೆ ಸಾಕಂತೆ! ಫಿಸಿಕ್ಸ್ ಮೇಡಂಗೆ ಮೈಯೆಲ್ಲ ಉರಿಯಿತು. ಇಡೀ ಬೇಸಿಗೆ ಕಾಲೇಜಿನಿಂದ ಕಾಲೇಜಿಗೆ ಅಲೆದು, ಅಪ್ಪ ಅಮ್ಮಂದಿರ ಕಾಲು ಹಿಡಿಯುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಮಾಡಿ ಮಕ್ಕಳನ್ನು ಕೂಡಿಸಿದ್ದರು. ಅರ್ಜಿಗಳು ನೇರ ಆಫೀಸಿಗೆ ಹೋಗುತ್ತಿದ್ದುದರಿಂದ ಬಿಟ್ಟುಹೋದವರು ಯಾರೆಂದು ತಿಳಿಯುವ ದಾರಿಯೂ ಇರಲಿಲ್ಲ. ಯಾಕಮ್ಮನಂತೂ ಅಲ್ಲ, ಅಷ್ಟು ಖಾತ್ರಿ. ಬಿ.ಎಸ್ಸಿ.ಯ ಉದ್ದಕ್ಕೂ ಮಾತು ಮಾತಿಗೆ “ಯಾಕೆ ಮೇಡಂ?” ಎಂದು ಪ್ರಾಣ ತಿಂದು ಆ ಅಡ್ಡಹೆಸರು ಗಳಿಸಿದ್ದ ಹುಡುಗಿ ಅದು. ಲ್ಯಾಬಿನಲ್ಲಿ ಊಟ ಮರೆತು ಕೂರುತ್ತಿದ್ದವಳು.

ಸೋಮವಾರ ಕ್ಲಾಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿ ಕಟ್ಟೆಯ ಮೇಲೂ ಹುಡುಗರು. “ಪ್ರತಿ ಪ್ರಾಜೆಕ್ಟಿಗೂ ಒಂದು ಆರಂಭ, ಒಂದು ಅಂತ್ಯ ಇರುತ್ತದೆ,” ಎಂದು ಮೇಡಂ ಸ್ಲೈಡು ನೋಡಿಕೊಂಡು ಓದಿದರು. ಯಾರೂ ಏನೂ ಕೇಳಲಿಲ್ಲ; ಸುಮ್ಮನೆ ಬರೆದುಕೊಂಡರು. ಅದನ್ನು ಕಂಡು ಇನ್ನಷ್ಟು ರೇಗಿತು. ಮುಂದಿನ ಸ್ಲೈಡಿಗೆ ಹೋಗುವಾಗ, ಕೊನೆಯ ಬೆಂಚಿನಲ್ಲಿ ಒಬ್ಬಳು ಎದುರಿನವನ ಬೆನ್ನಿನ ಮರೆಗೆ ಮುಖ ಸರಿಸಿದ್ದು ಕಣ್ಣಿಗೆ ಬಿತ್ತು.

ಯಾಕಮ್ಮ.

ಅಕ್ಷರಗಳೆಲ್ಲ ಕಲಸಿಹೋದವು. ಮೇಡಂ ರಿಮೋಟನ್ನು ಮೇಜಿನ ಮೇಲೆ ಕುಕ್ಕಿ, “ಸ್ಲೈಡ್ ಸಾಕು, ಒಂದು ಪ್ರಶ್ನೆ,” ಎಂದರು. “ಒಂದು ಕೆಲಸಕ್ಕೆ ಎಂಟು ಜನ ಬೇಕು. ಒಬ್ರು ಕೊನೇ ದಿನ ಹೇಳದೆ ಕೇಳದೆ ಕೈಕೊಟ್ರು. ಕೆಲಸಾನೇ ಮುಳುಗಿಹೋಯ್ತು. ಮ್ಯಾನೇಜರ್ ಏನ್ ಮಾಡ್ಬೇಕು?”

“ಬದಲಿ ಆಳು ಹುಡುಕ್ಬೇಕು ಮೇಡಂ.”

“ಗಡುವು ಮುಂದಕ್ಕೆ ಹಾಕ್ಬೇಕು.”

“ಕೈಕೊಟ್ಟೋರ ಸಂಬಳ ಹಿಡೀಬೇಕು!” ಎಂದು ಕಿಟಕಿಯ ಮೇಲಿದ್ದವನೊಬ್ಬ ಕೂಗಿದ. ಎಲ್ಲರೂ ನಕ್ಕರು.

ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತಳು. “ಯಾಕೆ ಬಿಟ್ರು ಅಂತ ಮೊದ್ಲು ಕೇಳ್ಬೇಕು, ಮೇಡಂ.”

ಕ್ಲಾಸು ಮುಗಿದು ಎಲ್ಲರೂ ಹೋದರೂ ಅವಳು ಬ್ಯಾಗನ್ನು ಎದೆಗವಚಿಕೊಂಡು ನಿಂತೇ ಇದ್ದಳು.

“ಸರಿ, ಕೇಳ್ತಿದೀನಿ. ಯಾಕೆ?”

“ಅಪ್ಪ ಮನೆ ಕಟ್ಟಿಸೋ ಕಂಟ್ರಾಕ್ಟರ್ ಅಲ್ವಾ ಮೇಡಂ. ಕಣ್ಣು ಮಂಜಾಗ್ತಾ ಬಂದಿದೆ. ಗೋಡೆ ನೆಟ್ಟಗಿದೆಯೋ ಸೊಟ್ಟಗಿದೆಯೋ ಅಂತ ಕೈಯಲ್ಲಿ ಸವರಿ ನೋಡ್ತಾರೆ. ಇನ್ನು ಸೈಟೆಲ್ಲ ನಾನೇ ನೋಡ್ಕೋಬೇಕು, ಅದಕ್ಕೇ ಈ ಕೋರ್ಸಿಗೆ ಸೇರ್ಕೊಂಡೆ. ನಿಮ್ಗೆ ಹೇಳೋಕೇ ಬಂದಿದ್ದೆ. ಸರ್ ತಡೆದ್ರು. ‘ಅಕ್ಕ ನೊಂದ್ಕೋತಾಳೆ, ಆಮೇಲೆ ನಾನೇ ಹೇಳ್ತೀನಿ’ ಅಂದ್ರು.”

ಸಿಟ್ಟು ಇಳಿಯಲಿಲ್ಲ, ಯಾರ ಮೇಲೆ ತೋರಿಸುವುದೆಂದು ತಿಳಿಯದಾಯಿತು, ಅಷ್ಟೆ. “ಒಂದ್ ಮಾತು ಹೇಳ್ಬಹುದಿತ್ತು ಕಣೆ,” ಎಂದವರೇ ಮೆಟ್ಟಿಲಿಳಿದರು.

ತಮ್ಮನ ಕೋಣೆಗೆ ಬೀಗ ಹಾಕಿತ್ತು. ಅವನು ಸಿಕ್ಕಿದ್ದು ಎಂ.ಎಸ್ಸಿ. ಲ್ಯಾಬಿನಲ್ಲಿ. ಅದಿನ್ನು ಅವನ ವಿಭಾಗದ ಕ್ಲಾಸ್‌ರೂಮು. ಬೆಳಕಿನ ಪ್ರಯೋಗಗಳಿಗೆಂದು ವರ್ಷಗಟ್ಟಲೆ ಕತ್ತಲಾಗಿಟ್ಟಿದ್ದ ಕೋಣೆಯಲ್ಲಿ ಸ್ಟೂಲು ಹತ್ತಿ, ಅಂಗಿಯ ತೋಳು ಮಡಚಿಕೊಂಡು, ಕಿಟಕಿಯ ದಪ್ಪ ಕರಿ ಪರದೆಯನ್ನು ತಾನೇ ಬಿಚ್ಚುತ್ತಿದ್ದ. ತಲೆತುಂಬ ಧೂಳು.

“ಯಾರು ಅಂತ ಗೊತ್ತಿತ್ತು ನಿಂಗೆ,” ಎಂದರು ಮೇಡಂ.

“ಗೊತ್ತಿತ್ತು.” ಅವನು ಪರದೆಯ ಸಮೇತ ಕೆಳಗಿಳಿದ. “ಇದನ್ನ ಬೇರೆಯವರ ಕೈಲಿ ಬಿಚ್ಚಿಸೋದು ಬೇಡ ಅನ್ನಿಸ್ತು. ಆ ತುದಿ ಹಿಡ್ಕೋ ಅಕ್ಕ, ನೆಲಕ್ಕೆ ತಾಗುತ್ತೆ.”

ಹಿಡಿಯಬಾರದು ಎಂದುಕೊಳ್ಳುವಷ್ಟರಲ್ಲಿ ಹಿಡಿದಾಗಿತ್ತು. ಇಬ್ಬರೂ ಎಳೆದು ಬಿಗಿ ಮಾಡಿ ಒಮ್ಮೆ ಕೊಡವಿದರು, ಅವನು ಸೀನಿದ. ಒಂದು ಮಡಿಕೆ, ಇನ್ನೊಂದು ಮಡಿಕೆ. ಮಡಿಸುತ್ತ ಮಡಿಸುತ್ತ ಎದುರಾಬದುರಾ ಬಂದು, ಅವನ ಕೈಯಲ್ಲಿದ್ದ ತುದಿಗಳನ್ನೂ ತಾವೇ ತೆಗೆದುಕೊಂಡು, ಬಿಸಿಲು ಬಿದ್ದ ಮೇಜಿನ ಮೇಲೆ ಪರದೆಯನ್ನಿಟ್ಟು ಅಂಗೈಯಿಂದ ಅದರ ಸುಕ್ಕು ಬಿಡಿಸತೊಡಗಿದರು.