ಒಂದು ಲಕ್ಷದ ಮೂರು

ನಾನು ಒಂದು ಸಂಖ್ಯೆ. ಹೆಸರು ಒಂದು ಲಕ್ಷದ ಮೂರು. ಆರಂಕಿಯ ಅವಿಭಾಜ್ಯ ಸಂಖ್ಯೆಗಳಲ್ಲಿ ನಾನೇ ಮೊದಲನೆಯವನು. ಒಂದರಿಂದ ಭಾಗಿಸಿ, ಇಲ್ಲವೇ ನನ್ನಿಂದಲೇ ನನ್ನನ್ನು ಭಾಗಿಸಿ, ಏನೂ ಉಳಿಯುವುದಿಲ್ಲ. ಬೇರೆ ಯಾವ ಸಂಖ್ಯೆಯಿಂದ ಭಾಗಿಸಿದರೂ ಶೇಷ ಉಳಿದೇ ಉಳಿಯುತ್ತದೆ. ಯಾರಾದರೂ ಎಣಿಸಿ ಮುಗಿಸಿದಾಗ ನಾವು ಹುಟ್ಟುತ್ತೇವೆ. ನಾನು ಹುಟ್ಟಿದ್ದು ಕಲಬುರಗಿ ಕಡೆಯ ಒಂದು ಇಟ್ಟಿಗೆ ಭಟ್ಟಿಯಲ್ಲಿ. ಭಟ್ಟಿಯ ಯಜಮಾನ ಅಣವೀರಪ್ಪ ಸತ್ತ ಮೇಲೆ ಅವನು ಸುಟ್ಟಿಟ್ಟ ಇಟ್ಟಿಗೆಗಳನ್ನು ಮಕ್ಕಳು ಎಣಿಸಿದರು. ಥೂ, ಅಂಥವರ ಬಾಯಲ್ಲಿ ನಾನು ಹುಟ್ಟಬಾರದಿತ್ತು!

ಮಕ್ಕಳು ಮೂವರು. ಹಿರಿಯ ಬಂಡೆಪ್ಪ, ಅವನ ತಮ್ಮ ರೇವಣಸಿದ್ಧ, ಇವರ ತಂಗಿ ಗುಂಡಮ್ಮ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ಗುಂಡಮ್ಮ ಆ ಇಟ್ಟಿಗೆಗಳ ಮಣ್ಣನ್ನು ಕಾಲಲ್ಲಿ ತುಳಿದವಳು. ಮಲಗುವುದು ಭಟ್ಟಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ. ತನ್ನ ಪಾಲಿನ ಇಟ್ಟಿಗೆಯಲ್ಲಿ ಎರಡು ಕೋಣೆ ಕಟ್ಟಿಕೊಳ್ಳಬೇಕೆಂಬುದು ಅವಳ ಆಸೆ.

ಬಂಡೆಪ್ಪ ನನ್ನನ್ನು ಮೂರರಿಂದ ಭಾಗಿಸಿದ. ಒಂದು ಉಳಿಯಿತು. ಅವನ ಕಣ್ಣು ಮಿನುಗಿತು. ಶಾಲೆಯ ಮಾಸ್ತರ ಚನ್ನವೀರಪ್ಪನನ್ನು ಕರೆಸಿದ. ಮಾಸ್ತರ ಪಾಟಿ ಹಿಡಿದು ಕೂತ. ನನ್ನ ವರ್ಗಮೂಲ ಮುನ್ನೂರ ಹದಿನಾರು ಚಿಲ್ಲರೆ. ಅಲ್ಲಿಯವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು, ಮುಂದೆ ಹೋಗಬೇಕಾಗಿಲ್ಲ. ಎರಡು, ಮೂರು, ಐದು, ಏಳು ಎಂದು ಹಿಡಿದು ಮುನ್ನೂರ ಹದಿಮೂರರ ತನಕ ಆತ ಒಂದನ್ನೂ ಬಿಡಲಿಲ್ಲ. ನಿಜ ಹೇಳುತ್ತೇನೆ, ಆಗ ನನಗೆ ಹೆಮ್ಮೆಯೇ ಆಯಿತು.

"ಯಾವುದಕ್ಕೂ ಭಾಗ ಆಗಂಗಿಲ್ರೀ ಇದು" ಎಂದ ಮಾಸ್ತರ.

"ಕೇಳಿದ್ಯಾ ಗುಂಡಿ? ಮೂರು ಪಾಲು ಆಗಂಗಿಲ್ಲ. ದೇವರ ಲೆಕ್ಕ ಅದು, ನಂದಲ್ಲ. ನಾವಿಬ್ರೇ ಹಂಚ್ಕೋತೀವಿ" ಎಂದ ಬಂಡೆಪ್ಪ.

ಅಬ್ಬಾ, ಎಂಥ ಹೊಲಸು ಬಾಯಿ! ನಾನು ಬೆಸ ಸಂಖ್ಯೆ ಕಣಯ್ಯಾ, ಎರಡರಿಂದಾದರೂ ಭಾಗವಾಗುತ್ತೇನೆಯೇ? ಅಲ್ಲಿಯೂ ಅದೇ ಒಂದು ಉಳಿಯುತ್ತದೆ! ಮಾಸ್ತರನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಬಂಡೆಪ್ಪನ ಮನೆಯ ಚಹಾ ಹೀರುತ್ತ ಕೂತ. ಬಂಡೆಪ್ಪನಿಗಿಂತ ಅವನ ಮೇಲೆಯೇ ನನಗೆ ಹೆಚ್ಚು ಹೇಸಿಗೆಯಾಯಿತು.

"ಅಣ್ಣಾ, ಇಬ್ಬರಿಗೆ ಹಂಚಿದ್ರೂ ಒಂದು ಉಳೀತದಲ್ಲ?" ಎಂದ ರೇವಣಸಿದ್ಧ.

"ಅದನ್ನ ತಂಗಿಗೆ ಉಡಿ ತುಂಬಾಮಿ. ತವರಿನ ಹೆಣ್ಮಗಳು, ಬರಿಗೈಲೆ ಬಿಡಬಾರದು."

ತಮಾಷೆಗಲ್ಲ, ಗಂಡ ಸತ್ತವಳಿಗೆ ಉಡಿ ತುಂಬುವ ರೂಢಿ ಇಲ್ಲದಿದ್ದರೂ ನಿಜವಾಗಿಯೂ ಹಾಗೇ ಮಾಡಿದರು. ಅಕ್ಕಿ, ಕೊಬ್ಬರಿ ಬೀಳಬೇಕಾದ ಸೆರಗಿಗೆ ಅರಿಶಿನ ಹಚ್ಚಿದ ಇಟ್ಟಿಗೆ ಹಾಕಿದರು. ಥೂ ಥೂ!

ಗುಂಡಮ್ಮ ಅಳಲಿಲ್ಲ. ಇಟ್ಟಿಗೆಯನ್ನು ಹೊರಗೆ ತೆಗೆದು ಅಲ್ಲಿದ್ದ ಬಂಡೆಗಲ್ಲಿಗೆ ಅಪ್ಪಳಿಸಿದಳು. ಅದು ಚೂರುಚೂರಾಯಿತು.

"ಉಳಿದಿದ್ದು ಹೋತು. ಈಗ ಎಣಸ್ರಿ. ಮಾಸ್ತರ, ಮೂರು ಪಾಲು ಆಗ್ತದೇನು?"

ಆ ಅಂಗಳದಲ್ಲಿ ನನ್ನ ಆಯುಷ್ಯ ಮುಗಿಯಿತು. ಈಗ ಅಲ್ಲಿರುವುದು ಒಂದು ಲಕ್ಷದ ಎರಡು. ನಾನು ಪಾಟಿಯ ಮೂಲೆಯಲ್ಲಿ ಬಳಪದ ಗೀಟಾಗಿ ಮಾತ್ರ ಉಳಿದಿದ್ದೇನೆ. ಸಾಯುವಾಗಲೂ ಇಷ್ಟು ಹಗುರವೆನಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮಾಸ್ತರ ತಲೆ ತಗ್ಗಿಸಿದ. "ಆಗ್ತದವ್ವಾ. ಮೂವತ್ಮೂರು ಸಾವಿರದ ಮುನ್ನೂರ ಮೂವತ್ನಾಲ್ಕು. ಮೂರೂ ಮಂದಿಗೆ ಸಮ."

"ಹೆಣ್ಮಕ್ಕಳಿಗೆ ಪಾಲಿಲ್ಲ ಅಂದ್ರ ಇಲ್ಲ!" ಎಂದು ಬಂಡೆಪ್ಪ ಚೀರಿದ.

"ಹಂಗಂತ ಮೊದಲೇ ಹೇಳಬೇಕಿತ್ತು. ಪಾಪ, ಲೆಕ್ಕದ ಮ್ಯಾಲ ಯಾಕ ಹಾಕಿದಿ?" ಎಂದಳು ಗುಂಡಮ್ಮ. ಸೆರಗು ಸೊಂಟಕ್ಕೆ ಸಿಗಿಸಿ ಇಟ್ಟಿಗೆಗಳನ್ನು ಎತ್ತಿ ತನ್ನ ಶೆಡ್ಡಿನ ಮುಂದೆ ಜೋಡಿಸತೊಡಗಿದಳು. ತಡೆಯಲು ಯಾರೂ ಏಳಲಿಲ್ಲ.