ಮೀನಿನ ಕರೆಂಟು

“ಮೀನಿನ ಕರೆಂಟಲ್ಲಿ ಮಸಾಲೆ ರುಬ್ಬಿದ್ದು ಯಾರು ಅಂತ ಕೇಳ್ತಾ ಇವ್ನಿ! ಬಾಯಿ ಬುಡಣ್ಣ!”

ಲತಾಮಣಿಯ ದನಿ ಬೀದಿಯ ತುದಿಯ ಹಾಲಿನ ಡೈರಿವರೆಗೂ ಹೋಯಿತು. ಬೋರಲಿಂಗಯ್ಯ ಮಾತ್ರ ನಡುಮನೆಯ ಮಂಚದ ಮೇಲೆ ಚಾಚಿದ ಕಾಲನ್ನು ಮಡಿಸಲಿಲ್ಲ. ಅವನು ಈ ಮನೆಯ ಅಳಿಯ. ಲತಾಮಣಿಯ ಗಂಡ ಲೋಕೇಶನ ಅಕ್ಕ ಹನುಮಂತಮ್ಮನನ್ನು ಕಟ್ಟಿಕೊಂಡ ತಿಪ್ಪಸಂದ್ರದ ಗಂಡು. ಹೆಣ್ಣು ಕೊಟ್ಟ ಮನೆಯಲ್ಲಿ ಎದ್ದು ನಿಂತು ಉತ್ತರ ಹೇಳುವ ದರ್ದು ತನಗಿಲ್ಲ ಎಂದು ಅವನು ಧಾರೆಯ ದಿನವೇ ತೀರ್ಮಾನಿಸಿಬಿಟ್ಟಿದ್ದ.

“ನಾನೇ ರುಬ್ಬುದೆ ಕಣವ್ವ. ನಾಟಿ ಕೋಳಿಗೆ ಒರಳಲ್ಲಿ ರುಬ್ತಾ ಕೂತ್ರೆ ಸಂಜೆ ಆಗೋಯ್ತದೆ. ನಿನ್ನ ಕೆಲ್ಸ ಹಗುರ ಮಾಡಿದ್ನಲ್ಲ, ಅದ್ಕೆ ಉಗೀತೀಯಾ?”

“ಫ್ಯಾನು?”

“ಸೆಕೆ.”

“ಟೀವಿ?”

“ಮ್ಯಾಚು.”

“ಫ್ರಿಜ್ಜು?”

“ತಣ್ಣನೆ ನೀರು ಬ್ಯಾಡ್ವಾ ಮನುಷ್ಯನ್ಗೆ?”

“ಇನ್ವರ್ಟ್ರು ಮೀನಿನ ತೊಟ್ಟಿಗೆ ಮಾತ್ರ ಅಂತ ನೀನೇ ವೈರ್ ಎಳ್ದಲ್ಲಣ್ಣ! ಇಡೀ ಮನೆಗೆ ಯಾವಾಗ ಕೊಟ್ಟೆ?”

“ಮೊನ್ನೆ. ಟೆಸ್ಟಿಂಗ್‌ಗೆ.”

ಈ ಟೆಸ್ಟಿಂಗ್ ಎಂಬ ಮಾತು ಕೇಳಿದರೆ ಸಾಕು, ಲತಾಮಣಿಯ ಹಲ್ಲು ತಾವೇ ಕಡಿದುಕೊಳ್ಳುತ್ತಿದ್ದವು. ವೈರಿಂಗ್ ಕೆಲಸ ಬಲ್ಲ ಬೋರಲಿಂಗಯ್ಯ ತೊಟ್ಟಿಗೆ ಇನ್ವರ್ಟರ್ ಕೂರಿಸಿಕೊಡುತ್ತೇನೆಂದು ಯುಗಾದಿಗೆ ಮೊದಲೇ ಬಂದಿದ್ದ. ಒಂದು ಬೆಳಗಿನ ಕೆಲಸ ಅದು. ಹಬ್ಬ ಹೋಗಿ, ಮರುದಿನದ ಹೊಸತೊಡಕು ಹೋಗಿ, ಒಂದು ಬೆಳೆ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟಿ ಮುಗಿಸಿದರೂ ಅವನ ಟೆಸ್ಟಿಂಗ್ ಮುಗಿದಿರಲಿಲ್ಲ. ಫೋನ್ ಮಾಡಿದರೆ ಹನುಮಂತಮ್ಮ, “ಇನ್ನೊಸಿ ದಿನ ಇಟ್ಕೊಳ್ರವ್ವ, ಇಲ್ಲಿ ನಾನೂ ಆರಾಮಾಗಿವ್ನಿ” ಎನ್ನುತ್ತಿದ್ದಳು.

ಜಗಳ ಮುಂದುವರಿಯುವ ಮೊದಲೇ ಮೂಲೆಯ ಇನ್ವರ್ಟರ್ ಕೀ ಎಂದು ಒಂದೇ ಉಸಿರಿಗೆ ಕೂಗಿ ಬಾಯಿ ಮುಚ್ಚಿತು. ಫ್ಯಾನ್ ನಿಂತಿತು. ಮ್ಯಾಚ್ ನಿಂತಿತು. ಕಿಟಕಿಯ ಪಕ್ಕದ ಗಾಜಿನ ತೊಟ್ಟಿಯೊಳಗೆ ಹಗಲಿರುಳೂ ಗುಳುಗುಳು ಎನ್ನುತ್ತಿದ್ದ ನೀರೂ ನಿಂತಿತು.

ಲತಾಮಣಿ ಸಿಟ್ಟನ್ನು ಅಲ್ಲೇ ಬಿಟ್ಟು ತೊಟ್ಟಿಯ ಕಡೆ ಓಡಿದಳು.

ಅದು ಸಮುದ್ರದ ತೊಟ್ಟಿ. ಚನ್ನಪಟ್ಟಣದ ಹಲ್ಲಿನ ಡಾಕ್ಟರೊಬ್ಬರು ಕಾಯುವ ಕೋಣೆಯಲ್ಲಿ ಇಟ್ಟಿದ್ದರು. ಹಲ್ಲು ಕೀಳಿಸಿಕೊಳ್ಳಲು ಹೋದವಳು ಹಲ್ಲುನೋವನ್ನೇ ಮರೆತು ಅದರ ಮುಂದೆ ಕೂತುಬಿಟ್ಟಿದ್ದಳು. ಕಲ್ಲಿನ ಮೇಲೆ ಹೂವಿನಂತೆ ಅರಳಿ ಮುಚ್ಚುವ ಹವಳ, ಅದರ ನಡುವೆ ಕಿತ್ತಳೆ ಮೈಗೆ ಬಿಳಿ ಪಟ್ಟೆ ಬಿಗಿದುಕೊಂಡ ಜೋಡಿ ಮೀನು. ಡಾಕ್ಟರು ಊರು ಬಿಡುವಾಗ ತೊಟ್ಟಿಯನ್ನು ಅವಳೇ ತಂದುಕೊಂಡಳು. ನಮ್ಮ ವಿರೂಪಾಕ್ಷಿಪುರದಲ್ಲಿ ಸಮುದ್ರದ ಉಪ್ಪು ನೀರೇ ಎಂದು ಊರ ಜನ ನಕ್ಕರು. ರೇಷ್ಮೆ ಹುಳು ಸಾಕಿದ ಕೈ ಅವಳದು. ಒಸಿ ಬಿಸಿ ಏರಿದರೂ ಸೊರಗುವ, ಒಸಿ ಹೊಗೆ ತಾಕಿದರೂ ಸಾಯುವ ಜೀವಗಳನ್ನು ಹೇಗೆ ನೋಡಿಕೊಳ್ಳಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹವಳಗಳಿಗೆ ಸೇವಂತಿಗೆ, ಹೂಕೋಸು, ರಾಗಿತೆನೆ ಎಂದು ಹೆಸರಿಟ್ಟಿದ್ದಳು. ರಾಗಿತೆನೆ ಈಚೆಗಷ್ಟೇ ಹೊಸ ಕವಲೊಡೆದಿತ್ತು.

ನೀರು ಆಡದಿದ್ದರೆ ಅದರಲ್ಲಿ ಉಸಿರಿರುವುದಿಲ್ಲ. ಮೊದಲು ಮೀನು ಹೋಗುತ್ತದೆ, ಆಮೇಲೆ ಹವಳ. ಊರಿನ ಕಂಬ ಬದಲಿಸುವ ಕೆಲಸ ನಡೆದಿತ್ತು, ಸಂಜೆಯ ತನಕ ಕರೆಂಟಿಲ್ಲವೆಂದು ನಿನ್ನೆಯೇ ಸಾರಿದ್ದರು. ಲೋಕೇಶ ಬೆಳಿಗ್ಗೆ ಹುಸೇನನ ಟೆಂಪೋದಲ್ಲಿ ಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೋಗಿದ್ದ.

ಒಂದು ದಾರಿ ಇತ್ತು. ಸೆಲ್ ಹಾಕಿದರೆ ಗಾಳಿ ಊದುವ ಪುಟ್ಟ ಮೆಷಿನ್ನು. ಲತಾಮಣಿ ಕಪಾಟಿಗೆ ಓಡಿ ಅದನ್ನು ತೆಗೆದು ಒತ್ತಿದಳು. ಉಸಿರಿಲ್ಲ. ಹಿಂದಿನ ಮುಚ್ಚಳ ತೆಗೆದರೆ ಖಾಲಿ.

“ಸೆಲ್ಲೆಲ್ಲಿ?”

“ಅದಾ? ನನ್ ಟಾರ್ಚ್‌ಗೆ ಹಾಕ್ಕಂಡೆ. ರಾತ್ರಿ ಹಿತ್ಲಿಗೆ ಹೋಗ್ಬೇಕಲ್ಲ.”

“ತತ್ತಾ ಮತ್ತೆ!”

“ಮುಗ್ದೋದೊ ಕಣವ್ವ. ನಿನ್ನೆನೇ ಎಸ್ದೆ.”

ಲತಾಮಣಿ ಅವನನ್ನು ಮುಕ್ಕಳಿಸಿ ಉಗಿಯುವಂತೆ ನೋಡಿದಳು. ಆದರೆ ಬೈಯಲು ಪುರುಸೊತ್ತಿರಲಿಲ್ಲ. ಹಾಲು ಅಳೆಯುವ ಪ್ಲಾಸ್ಟಿಕ್ ಜಗ್ಗನ್ನು ಬರಿನೀರಲ್ಲಿ ತೊಳೆದು, ಸ್ಟೂಲು ಹತ್ತಿ, ತೊಟ್ಟಿಯ ನೀರನ್ನೇ ಮೊಗೆದು ಮೇಲಿನಿಂದ ತೊಟ್ಟಿಗೇ ಸುರಿಯತೊಡಗಿದಳು. ಮೊಗೆ, ಎತ್ತು, ಸುರಿ. ಬೀಳುವ ನೀರು ಗಾಳಿಯನ್ನು ಒಳಗೆ ಎಳೆದೊಯ್ಯುತ್ತದೆ. ಪಂಪು ಮಾಡುವುದೂ ಅಷ್ಟೇ ತಾನೇ.

ಟೀವಿ ನಿಂತ ಮೇಲೆ ಬೀದಿಯವರಿಗೂ ಕೆಲಸವಿರಲಿಲ್ಲ. ಎದುರು ಮನೆಯ ಮಾಯಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಬಾಗಿಲಲ್ಲಿ ನಿಂತಳು.

“ಏನೇ ಲತಾ, ಮೀನ್ಗೆ ತಲೆಗೆ ನೀರು ಹುಯ್ತಿದೀಯ? ಬಾಣಂತನ್ವಾ?”

“ಅಜ್ಜಿ, ಆಡ್ಕೋಬ್ಯಾಡ. ಕೈ ನೋಯ್ತೈತೆ. ಬಾ ಒಸಿ ಹುಯ್ಯಿ.”

ಮುದುಕಿ ಮನೆಗೆ ಓಡಿ ಪೂಜೆಯ ಚೊಂಬು ಹಿಡಿದು ಬಂದಳು. ಅದನ್ನು ನೀರಿಗೆ ಅದ್ದುವ ಮೊದಲೇ ಲತಾಮಣಿ ಕಿರುಚಿದಳು. “ಅಯ್ಯೋ, ತಾಮ್ರ ಮುಟ್ಟುಸ್ಬ್ಯಾಡ! ಹವಳಕ್ಕೆ ತಾಮ್ರ ಅಂದ್ರೆ ವಿಷ!”

“ದೇವ್ರಿಗೇ ಆಯ್ತದೆ, ನಿನ್ ಕಲ್ಲಿಗೆ ಆಗಲ್ವೇನೇ? ಭಾರಿ ಮಡಿ ಕಣಮ್ಮ ಇವು!”

ಬಾಗಿಲಲ್ಲಿ ನಿಂತವರೆಲ್ಲ ನಕ್ಕರು. ನಕ್ಕವರೆಲ್ಲ ಒಳಗೆ ಬಂದರು. ಲತಾಮಣಿ ರೇಷ್ಮೆ ಹುಳುಮನೆಯ ಕಟ್ಟಳೆಯನ್ನೇ ಇಲ್ಲಿಗೂ ತಂದಳು. ಕಾಲು ತೊಳೆಯದೆ ಒಳಗೆ ಕಾಲಿಡಬಾರದು, ಬಳೆ ಕಳಚಬೇಕು, ಎಣ್ಣೆ ಕೈ ಬೇಡ, ಹೊಗೆಸೊಪ್ಪು ಮುಟ್ಟಿದ ಕೈ ಹತ್ತಿರವೂ ಬರಬಾರದು. ಹುಳುಮನೆಯಲ್ಲಿ ಸೆಕೆಗೆ ಕಟ್ಟುವ ಗೋಣಿತಾಟುಗಳನ್ನು ನೆನೆಸಿ ತಂದು ಕಿಟಕಿಗೆ ಇಳಿಬಿಟ್ಟಳು. ಬಿಸಿಗಾಳಿ ಒದ್ದೆ ಗೋಣಿಯಲ್ಲಿ ನುಸುಳಿ ತಂಪಾಗಿ ಒಳಗೆ ಬಂತು. ಒಬ್ಬರ ರಟ್ಟೆ ಸೋತರೆ ಇನ್ನೊಬ್ಬರು ಜಗ್ಗು ಹಿಡಿದರು. ಮಾಯಮ್ಮ ಸೋಬಾನೆ ಎತ್ತಿದಳು, ಮದುಮಗಳಿಗೆ ನೀರು ಹಾಕುವಾಗ ಹಾಡುವಂಥದು, ಮದುಮಗಳಿದ್ದ ಕಡೆಯಲ್ಲೆಲ್ಲ ಮೀನನ್ನು ಕೂರಿಸಿ. ಸೊಲ್ಲಿಗೊಂದು ಜಗ್ಗು ನೀರು. ತಾಳ ತಪ್ಪಿದವರಿಗೆ ಬೈಗುಳ.

“ಅಣ್ಣ, ಬಾ, ನಿನ್ ಪಾಳಿ.”

“ನಾನು ಹೊಗೆಸೊಪ್ಪು ಮುಟ್ಟಿವ್ನಲ್ಲವ್ವ.”

“ತೊಳ್ಕೊಂಡು ಬಾ.”

ಕೈ ತೊಳೆಯಲು ಹೋದ ಬೋರಲಿಂಗಯ್ಯ ಬಚ್ಚಲಲ್ಲೇ ಉಳಿದ. ಬಂದವನು ಮತ್ತೆ ಮರೆತು ಹೊಗೆಸೊಪ್ಪು ತಿಕ್ಕಿದ. ಮತ್ತೆ ತೊಳೆಯಲು ಹೋದ.

“ಅಳಿಯಂದ್ರ ಕೈ ಇವತ್ತು ಸವೆದೋಯ್ತದೆ ಕಣೇ,” ಎಂದಳು ಮಾಯಮ್ಮ.

ನಗು ಎಷ್ಟೇ ಇದ್ದರೂ ಲತಾಮಣಿಯ ಕಣ್ಣು ಗಾಜನ್ನು ಬಿಟ್ಟಿರಲಿಲ್ಲ. ಸೇವಂತಿಗೆ ಮುದುಡಿತ್ತು. ರಾಗಿತೆನೆಯ ಹೊಸ ಕವಲು ಮಂಕಾಗಿತ್ತು. ಜೋಡಿಯಲ್ಲಿ ಸಣ್ಣ ಮೀನು ಮೇಲಕ್ಕೆ ಬಂದು ಬಾಯಿ ಬಡಿಯುತ್ತಿತ್ತು. ಜಗ್ಗಿನಿಂದ ಸಂಜೆಯ ತನಕ ಆಗುವ ಮಾತಲ್ಲ ಇದು ಎಂದು ಅವಳಿಗೆ ತಿಳಿದಿತ್ತು.

ಆಗ ಬೀದಿಯಲ್ಲಿ ಟೆಂಪೋದ ಹಾರನ್ನು ಕೇಳಿತು. ಗೂಡು ಮಾರಿ ಲೋಕೇಶ ಬಂದಿದ್ದ. ಮನೆ ತುಂಬ ಜನ, ಹಾಡು, ಒದ್ದೆ ಸೀರೆಗಳು. ಅವನು ಬಾಗಿಲಲ್ಲೇ ಬೆದರಿದ. “ಏನಾಯ್ತಮ್ಮಿ, ಯಾರಾದ್ರೂ…”

“ಯಾರೂ ಸತ್ತಿಲ್ಲ. ಸಾಯ್ತಾವೆ ಈಗ. ಬ್ಯಾಟ್ರಿ ಖಾಲಿ.”

ಡ್ರೈವರ್ ಹುಸೇನ್ ಇಣುಕಿ ನೋಡಿದ. “ಬ್ಯಾಟ್ರಿಗೆ ಯಾಕಕ್ಕ ಅಳ್ತೀಯ? ಹೊರಗಡೆ ನಿಂತದಲ್ಲ, ಚಕ್ರ ಇರೋ ಬ್ಯಾಟ್ರಿ!”

ಅವನು ಟೆಂಪೋವನ್ನು ಹಿಂದೆ ಮುಂದೆ ಮಾಡಿ ಮೂತಿಯನ್ನು ಕಿಟಕಿಗೇ ತಂದು ನಿಲ್ಲಿಸಿದ. ಲೋಕೇಶ ಮೊದಲು ಫ್ಯಾನು, ಟೀವಿ, ಫ್ರಿಜ್ಜು, ಮಿಕ್ಸಿ ಎಲ್ಲದರ ವೈರನ್ನೂ ಇನ್ವರ್ಟರಿನಿಂದ ಕಿತ್ತೆಸೆದು ತೊಟ್ಟಿಯದನ್ನು ಮಾತ್ರ ಉಳಿಸಿದ. ಇಬ್ಬರೂ ಸೇರಿ ಟೆಂಪೋದ ಬ್ಯಾಟರಿಯಿಂದ ಮನೆಯ ಬ್ಯಾಟರಿಗೆ ದಪ್ಪ ಕೇಬಲ್ ಎಳೆದರು.

“ಹಂಗೆಲ್ಲ ಕೊಟ್ರೆ ಸುಟ್ಟೋಯ್ತದೆ, ನಾನ್ ಹೇಳಿವ್ನಿ,” ಎಂದ ಬೋರಲಿಂಗಯ್ಯ ಬಚ್ಚಲ ಬಾಗಿಲಿನಿಂದ.

ಹುಸೇನ್ ಇಂಜಿನ್ ಚಾಲೂ ಮಾಡಿದ. ಇನ್ವರ್ಟರಿನ ಕಣ್ಣು ಹಸಿರಾಯಿತು. ತೊಟ್ಟಿಯೊಳಗೆ ಒಮ್ಮೆ ಗುಳುಕ್ ಎಂದಿತು. ಆಮೇಲೆ ಗುಳುಗುಳು ಎಂದು ಓಡತೊಡಗಿತು.

ಯಾರೋ ಸೀಟಿ ಹೊಡೆದರು. ಮಾಯಮ್ಮ ಗಾಜಿಗೆ ದೃಷ್ಟಿ ತೆಗೆದು ಲಟಿಕೆ ಮುರಿದಳು. ಸಣ್ಣ ಮೀನು ಬಾಯಿ ಬಡಿಯುವುದನ್ನು ಬಿಟ್ಟು ನಿಧಾನವಾಗಿ ಕೆಳಗಿಳಿದು ತನ್ನ ಜೋಡಿಯ ಪಕ್ಕ ಸೇರಿತು. ಎಲ್ಲರೂ ಗಾಜಿಗೆ ಮೂಗು ಒತ್ತಿ ನಿಂತಿರುವಾಗಲೇ ಸೇವಂತಿಗೆ ಒಂದೊಂದೇ ಎಸಳು ಬಿಚ್ಚಿತು. ಲತಾಮಣಿ ಹುಸೇನನ ಬೆನ್ನಿಗೆ ಒಂದು ಗುದ್ದು ಗುದ್ದಿದಳು. ಖುಷಿಗೆ ಅವಳು ಹಾಗೇ ಮಾಡುವುದು.

“ಕೂತ್ಕೊಳ್ಳಪ್ಪ, ಉಂಡೇ ಹೋಗ್ಬೇಕು. ಬೆಳಿಗ್ಗೆ ನೀನೇ ಕುಯ್ದ ಕೋಳಿ.”

“ಲೋಕೇಶಾ,” ಬೋರಲಿಂಗಯ್ಯ ರಿಮೋಟ್ ಹಿಡಿದು ಮುಂದೆ ಬಂದ, “ಹೆಂಗೂ ಇಂಜಿನ್ ಓಡ್ತೈತೆ. ಒಂದೇ ಒಂದು ಕನೆಕ್ಷನ್ ಟೀವಿಗೆ ಕೊಡ್ಲಾ? ಕೊನೆ ಓವರು ಕಣ್ಲಾ.”

ಎಲ್ಲರೂ ಲತಾಮಣಿಯ ಬಾಯನ್ನೇ ನೋಡಿದರು. ಅವಳು ಕಿರುಚಲಿಲ್ಲ. ಬೋರಲಿಂಗಯ್ಯನ ಕೈಯಿಂದ ರಿಮೋಟ್ ತೆಗೆದುಕೊಂಡು ಅದರ ಜಾಗಕ್ಕೆ ಒದ್ದೆ ಜಗ್ಗನ್ನಿಟ್ಟಳು.

“ಅಣ್ಣ, ನಾಳೆನೂ ಕಂಬದ ಕೆಲ್ಸ ಐತಂತೆ. ನಾಳಿದ್ದೂ. ಹುಸೇನನ ಗಾಡಿ ದಿನಾ ಸಿಗಲ್ಲ. ನೀನಿರೋ ತಂಕ ನಂಗೇನು ಚಿಂತೆ? ಬೆಳಿಗ್ಗೆಯಿಂದ ಸಂಜೆ ತಂಕ ಪಾಳಿ ನಿಂದೇ. ಆ ಹೊಗೆಸೊಪ್ಪಿನ ಡಬ್ಬಿ ಇತ್ಲಾಗ್ ಕೊಡು, ನಾನ್ ಮಡಗ್ತೀನಿ.”

“ಸೋಬಾನೆ ನಾನ್ ಹೇಳ್ಕೊಡ್ತೀನಿ ಅಳಿಯಂದ್ರೆ,” ಎಂದಳು ಮಾಯಮ್ಮ.

ಒಲೆಯ ಮೇಲೆ ಸಾರು ಕೊತಕೊತ ಕುದಿಯುತ್ತಿತ್ತು. ಬೋರಲಿಂಗಯ್ಯನ ಮೂಗು ಅತ್ತ ಎಳೆಯಿತು, ಕಣ್ಣು ಕೈಯಲ್ಲಿದ್ದ ಜಗ್ಗಿಗೆ ಇಳಿಯಿತು. ಅವನು ಜಗ್ಗನ್ನು ಮೆಲ್ಲಗೆ ಮಂಚದ ಮೇಲಿಟ್ಟ. ರೂಮಿಗೆ ಹೋಗಿ ಬ್ಯಾಗು ಹೆಗಲಿಗೇರಿಸಿ ಬಂದು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿದ.

“ಉಂಡ ಮ್ಯಾಲೆ ಬೇಕಲ್ಲ, ಒಸಿ ಎಲೆ ಅಡಿಕೆ ತತ್ತೀನಿ.”

“ಎಲೆ ಅಡಿಕೆಗೆ ಬ್ಯಾಗ್ಯಾಕ್ ಭಾವ?” ಎಂದ ಲೋಕೇಶ.

“ಜಾಸ್ತಿ ತರಾಣ ಅಂತ ಕಣ್ಲಾ. ಜನ ಇದಾರಲ್ಲ.”

ಬೀದಿಯಲ್ಲಿ ಅವನು ಟೆಂಪೋವನ್ನು ಬಳಸಿ, ಡೈರಿ ದಾಟಿ, ಎಲೆ ಅಡಿಕೆ ಅಂಗಡಿಯ ಕಡೆ ಕತ್ತು ಸಹ ತಿರುಗಿಸದೆ ಬಸ್ ಸ್ಟಾಪಿನತ್ತ ಹೋಗುವುದನ್ನು ಒದ್ದೆ ಗೋಣಿ ಸರಿಸಿ ಎಲ್ಲರೂ ನೋಡಿದರು. ಲತಾಮಣಿ ಅವನ ಪಾಲಿನ ತೊಡೆ ತುಂಡನ್ನು ಬಟ್ಟಲಿಗೆ ಹಾಕಿ ಎತ್ತಿಟ್ಟಳು. ಎಷ್ಟಾದರೂ ಮನೆಯ ಅಳಿಯ. ಎಲ್ಲರೂ ಉಣ್ಣುತ್ತಿರುವಾಗಲೇ ಕರೆಂಟು ಬಂತು, ಟೆಂಪೋ ಸುಮ್ಮನಾಯಿತು. ಆಮೇಲೆ ಅವಳು ಆ ಬಟ್ಟಲನ್ನು ತಂದು ಹುಸೇನನ ಎಲೆಗೇ ಸುರಿದಳು.